ಇಳಿಸುವ ಸನ್ನೆ

ರಗ್ಬಿ ಆಟ ನೋಡದವರಿಗೆ ಒಂದು ಸಂಗತಿ ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಧನಂಜಯನ ಸಂಕಟ ಅರ್ಥವಾಗುವುದಿಲ್ಲ. ಮೊಟ್ಟೆಯಾಕಾರದ ಆ ಚೆಂಡು ಗೆರೆ ದಾಟಿ ಹೊರಗೆ ಹೋದಾಗ ಎರಡೂ ತಂಡದವರು ಅಕ್ಕಪಕ್ಕ ಎರಡು ಸಾಲಾಗಿ ನಿಲ್ಲುತ್ತಾರೆ. ನಡುವಿನ ಸಂದಿಗೆ ಒಬ್ಬ ಹೊರಗಿನಿಂದ ಚೆಂಡು ಎಸೆಯುತ್ತಾನೆ. ಆಗ ಸಾಲಿನ ಇಬ್ಬರು ಗಟ್ಟಿಗರು, ಒಬ್ಬ ಮುಂದಿನಿಂದ, ಒಬ್ಬ ಹಿಂದಿನಿಂದ, ತಮ್ಮವನೊಬ್ಬನ ತೊಡೆ ಹಿಡಿದು ಮೇಲಕ್ಕೆ ಎತ್ತುತ್ತಾರೆ. ಅವನು ಚೆಂಡು ಹಿಡಿಯಬೇಕು, ಇವರು ಅವನನ್ನು ಜೋಪಾನವಾಗಿ ನೆಲ ಮುಟ್ಟಿಸಬೇಕು. ಎತ್ತುವಾಗ ಜನ ಚಪ್ಪಾಳೆ ತಟ್ಟುತ್ತಾರೆ. ಇಳಿಸುವುದನ್ನು ಮಾತ್ರ ಯಾರೂ ನೋಡುವುದಿಲ್ಲ.

ಧನಂಜಯ ಹಿಂದಿನಿಂದ ಎತ್ತುವವನು. ಮೈಸೂರು ಕಡೆಯ ಮನೆತನ, ಬೆಳೆದದ್ದೆಲ್ಲ ಕುವೈತಿನ ರಿಗ್ಗೈಯಲ್ಲಿ. ಬಾಗಿಲಲ್ಲಿ ನಿಂತರೆ ಒಳಗಿನವರಿಗೆ ಬೆಳಕಿಲ್ಲ, ಅಂಥ ಆಳು. ಮೀನಾ ಅಲ್ ಅಹ್ಮದಿ ಬಂದರಿನ ಒಂದು ಗುತ್ತಿಗೆ ಕಂಪನಿಯ ಕ್ರೇನ್ ವಿಭಾಗದಲ್ಲಿದ್ದ. ಶುಕ್ರವಾರ ಬಂದರೆ ರಗ್ಬಿ. ಹಾಗೆ ಶುಕ್ರವಾರದ ಮೋಜಾಗಿದ್ದ ಕ್ಲಬ್ಬನ್ನು ಒಬ್ಬ ಕುವೈತಿ ಶ್ರೀಮಂತ ಕೊಂಡುಕೊಂಡು, ಹೊಸ ಹೆಸರಿಟ್ಟು, ಫಿಜಿಯಿಂದ, ನ್ಯೂಜಿಲೆಂಡಿನಿಂದ ಆಟಗಾರರನ್ನು ತರಿಸಿ, ಸಂಬಳದ ತಂಡ ಮಾಡಿಬಿಟ್ಟ. ಹಳಬರಲ್ಲಿ ಉಳಿದವರು ಧನಂಜಯ ಮತ್ತು ಆಲ್‌ಸ್ಟನ್. ಇಬ್ಬರೂ ಕೆಲಸ ಬಿಟ್ಟು ಇಕಾಮಾವನ್ನು, ಅಂದರೆ ಇಲ್ಲಿರುವ ಪರವಾನಗಿಯನ್ನು, ಕ್ಲಬ್ಬಿನ ಹೆಸರಿಗೆ ಬದಲಿಸಿಕೊಂಡರು. ‘ಮೂವತ್ತರ ಮೇಲೆ ಯಾರಾದ್ರೂ ಚೆಂಡಿನ ಹಿಂದೆ ಹೋಗ್ತಾರಾ’ ಎಂದು ಧನಂಜಯನ ಹೆಂಡತಿ ಬೃಂದಾ ಗೊಣಗಿದ್ದುಂಟು. ಗೊಣಗುತ್ತಲೇ ಅವನ ಜೆರ್ಸಿ ಒಗೆದು ಇಸ್ತ್ರಿ ಮಾಡಿದ್ದೂ ಉಂಟು.

ಆಲ್‌ಸ್ಟನ್ ಅದೇ ಕಟ್ಟಡದ ಮೇಲಿನ ಮಹಡಿಯವನು, ಮಂಗಳೂರಿನ ಕೊಂಕಣಿ ಕ್ರೈಸ್ತರ ಹುಡುಗ. ತಾಯಿ ಇಸಾಬೆಲ್ ಇಲ್ಲಿ ನರ್ಸ್. ಉದ್ದ ಕೈಕಾಲು, ಹಗುರ ಮೈ, ಎತ್ತಿಸಿಕೊಳ್ಳುವುದಕ್ಕೇ ಹುಟ್ಟಿದವನಂತಿದ್ದ. ಬೇರೆ ತಂಡಗಳಲ್ಲಿ ಮೇಲಿರುವವನು ‘ಡೌನ್’ ಎಂದು ಕೂಗಿದಾಗ ಇಳಿಸುತ್ತಾರೆ. ಆಲ್‌ಸ್ಟನ್ ಕೂಗುತ್ತಿರಲಿಲ್ಲ. ಚೆಂಡು ಹಿಡಿದು ಕೆಳಗಿನವನಿಗೆ ಎಸೆದ ಮೇಲೆ ಹಿಂದಕ್ಕೆ ಕೈ ಚಾಚಿ ಧನಂಜಯನ ತಲೆಯ ಮೇಲೆ ಅಂಗೈಯಿಂದ ಎರಡು ಸಲ ಮೆತ್ತಗೆ ತಟ್ಟುತ್ತಿದ್ದ. ಸಾಕು, ಇಳಿಸು ಎಂದು ಅರ್ಥ. ಇಬ್ಬರೂ ಒಟ್ಟಿಗೆ ಆಡುತ್ತಿದ್ದ ಹೈಸ್ಕೂಲಿನ ದಿನಗಳಿಂದ ಇದೇ ಪದ್ಧತಿ. ಧನಂಜಯನಿಗೂ ಹಿಡಿಸಿತ್ತು. ಕ್ರೇನಿನಲ್ಲೂ ಅಷ್ಟೇ ತಾನೇ, ಸನ್ನೆ ಬರದೆ ಭಾರ ಇಳಿಸುವ ಹಾಗಿಲ್ಲ.

ಹೋದ ಸೀಸನ್ನಿನ ಕೊನೆಯ ಪಂದ್ಯ. ಏಪ್ರಿಲ್ ಧೂಳು ಎದ್ದು ಗೋಲ್ ಕಂಬಗಳೇ ಮಸುಕಾಗಿದ್ದವು. ಆಲ್‌ಸ್ಟನ್ ಮೇಲೇರಿದ. ಧನಂಜಯನ ತಲೆಯ ಮೇಲೆ ಎರಡು ಸಲ ತಟ್ಟು ಬಿತ್ತು. ಅವನು ಕೈ ಸಡಿಲಿಸಿದ. ಆದರೆ ಚೆಂಡು ಇನ್ನೂ ಗಾಳಿಯಲ್ಲಿತ್ತು. ಅದಕ್ಕಾಗಿ ಬಾಗಿದ್ದ ಆಲ್‌ಸ್ಟನ್ ಹಿಂದಿನ ಆಸರೆ ತಪ್ಪಿ, ಎದುರಾಳಿಯ ಭುಜಕ್ಕೆ ಬಡಿದು, ಕತ್ತಿನ ಮೇಲೆ ಬಿದ್ದ. ಆಸ್ಪತ್ರೆಯಿಂದ ಅವನು ಹಿಂದಿರುಗಲಿಲ್ಲ. ಪೆಟ್ಟಿಗೆ ಮಂಗಳೂರಿಗೆ ಹೋಯಿತು.

ಎದುರಾಳಿ ಗುದ್ದಿದ್ದರಿಂದಲೇ ಬಿದ್ದದ್ದು ಎಂದು ಎಲ್ಲರೂ ಅಂದರು. ಧನಂಜಯನೂ ಸುಮ್ಮನಿದ್ದ. ಆಮೇಲೆ ಯಾರೋ ವಾಟ್ಸ್ಯಾಪಿನಲ್ಲಿ ಕಳಿಸಿದ ಫೋಟೋ ನೋಡಿದ. ಆಲ್‌ಸ್ಟನ್ ಮೇಲಿದ್ದಾನೆ, ಎರಡೂ ಕೈ ಚೆಂಡಿನ ಕಡೆ ಚಾಚಿವೆ. ಧನಂಜಯನ ಬೆರಳು ಆಗಲೇ ಬಿಚ್ಚಿವೆ. ಅವನ ತಲೆಯ ಹತ್ತಿರ ಯಾರ ಕೈಯೂ ಇಲ್ಲ. ಹಾಗಿದ್ದರೆ ತಟ್ಟಿದ್ದು ಯಾರು? ಫೋಟೋವನ್ನು ಅಳಿಸಿದ. ಅಳಿಸಿದರೆ ಏನು ಬಂತು, ತಲೆಯೊಳಗೆ ಅದು ಅಂಟಿಕೊಂಡಾಗಿತ್ತು.

ಅಲ್ಲಿಂದ ಮುಂದೆ ಆ ತಟ್ಟು ಎಲ್ಲೆಂದರಲ್ಲಿ ಬರತೊಡಗಿತು. ಸ್ನಾನ ಮಾಡುವಾಗ ಬರುತ್ತಿತ್ತು, ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಾಗ ಬರುತ್ತಿತ್ತು. ಲಿಫ್ಟಿನಲ್ಲಂತೂ ತಪ್ಪದೆ ಬರುತ್ತಿತ್ತು. ಒಬ್ಬನೇ ನಿಂತು ಗುಂಡಿ ಒತ್ತಿದ ಕೂಡಲೇ ನೆತ್ತಿಯ ಮೇಲೆ ಎರಡು ಸಲ ಮೆತ್ತಗೆ. ತಿರುಗಿದರೆ ಲಿಫ್ಟಿನ ಕನ್ನಡಿಯಲ್ಲಿ ತನ್ನ ಮುಖ ಒಂದೇ. ಅದು ಹೊಡೆತವಾಗಿದ್ದರೆ, ಉಗುರಾಗಿದ್ದರೆ, ದೆವ್ವ ಅಂತಲೋ ಭ್ರಮೆ ಅಂತಲೋ ತೀರ್ಮಾನ ಮಾಡಿಕೊಳ್ಳಬಹುದಿತ್ತು. ಅವನಿಗೆ ಹೆದರಿಕೆ ಹುಟ್ಟಿಸಿದ್ದು ಆ ಕೈಯ ಸಲಿಗೆ. ಸಾಕಾಯ್ತು ಮಾರಾಯಾ, ಇನ್ನಾದರೂ ಇಳಿಸು ಎಂದು ಸ್ನೇಹಿತನೇ ಕೇಳಿದ ಹಾಗಿರುತ್ತಿತ್ತು. ಇಳಿಸುವುದಕ್ಕೆ ಇವನ ಕೈಯಲ್ಲಿ ಯಾರಿದ್ದಾರೆ?

ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದ. ಇಸಾಬೆಲ್ ಆಂಟಿಯ ಮುಖ ತಪ್ಪಿಸುವುದಕ್ಕೂ ಅದು ಅನುಕೂಲವಾಯಿತು. ಮನೆಯಲ್ಲಿ ಪುಟ್ಟ ಮಾನ್ಯಾ ಕೈ ಮೇಲೆ ಮಾಡಿ "ಅಪ್ಪಾ, ಕ್ಯಾರಿ ಮೀ" ಎಂದರೆ ಅವನು ನೆಲಕ್ಕೆ ಕುಳಿತು ಮಗಳನ್ನು ತಬ್ಬಿಕೊಳ್ಳುತ್ತಿದ್ದ. ಎತ್ತುತ್ತಿರಲಿಲ್ಲ. ಸೊಂಟ ನೋವಿರಬೇಕೆಂದು ಬೃಂದಾ ಎಣ್ಣೆ ಬಿಸಿ ಮಾಡಿ ತಂದಳು. ಅವನು ಬೆಪ್ಪನಂತೆ ಬೆನ್ನು ಕೊಟ್ಟು ಕುಳಿತ.

ಈ ಸೀಸನ್ನಿಗೆ ಕ್ಲಬ್ಬಿನವರು ಆಲ್‌ಸ್ಟನ್ನನ ಜಾಗಕ್ಕೆ ಅವನ ತಮ್ಮ ಬ್ರಯಾನನನ್ನೇ ತಂದರು. ಅದೇ ಉದ್ದ ಕೈಕಾಲು. ಅಣ್ಣನ ಆಟವನ್ನು ತಾನೇ ಮುಗಿಸುತ್ತೇನೆಂದು ಅವನಿಗೂ ಹಟ. ಧನಂಜಯ ಕೋಚ್ ಹತ್ತಿರ ಏನೇನೋ ಸಬೂಬು ಹೇಳಿ ಎತ್ತುವ ಕೆಲಸದಿಂದ ಜಾರಿಕೊಂಡ. ಬ್ರಯಾನನನ್ನು ಇಬ್ಬರು ಫಿಜಿಯವರು ಎತ್ತುತ್ತಿದ್ದರು. ಇಡೀ ಸೀಸನ್ ಹಾಗೇ ಸಾಗಿತು. ಗೆದ್ದರು, ಸೋತರು, ಮತ್ತೆ ಗೆದ್ದು ಫೈನಲ್ಲಿಗೆ ಬಂದರು. ಫೈನಲ್ಲಿನ ಹಿಂದಿನ ದಿನ ಆ ಇಬ್ಬರು ಫಿಜಿಯವರಲ್ಲೊಬ್ಬ ಭುಜ ಉಳುಕಿಸಿಕೊಂಡು ಕುಳಿತ. ಕೋಚ್ ಬಂದು ಧನಂಜಯನ ಎದೆಗೆ ಬೆರಳಿಟ್ಟು, ನೀನೇ ಅಂದ. ಒಲ್ಲೆ ಎನ್ನುವುದಕ್ಕೆ ಕಾರಣ ಕೊಡಬೇಕಿತ್ತು. ಕಾರಣ ಒಂದೇ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಮೆಟ್ಟಿಲಲ್ಲಿ ಇಸಾಬೆಲ್ ಎದುರಾದರು. ಕೆಲಸ ಮುಗಿಸಿ ಬಂದ ಬಿಳಿ ಯೂನಿಫಾರ್ಮ್, ಕೈಯಲ್ಲಿ ಒಂದು ಬಸಳೆ ಕಟ್ಟು.

"ಎಂತ ಧನು, ನೀನು ಲಿಫ್ಟಲ್ಲಿ ಸಿಗುವುದೇ ಇಲ್ಲ ಅಲ್ವಾ? ಅದಕ್ಕೆ ನಾನೇ ಮೆಟ್ಟಿಲಲ್ಲಿ ಬಂದೆ," ಎಂದು ಕಟ್ಟನ್ನು ಮೆಟ್ಟಿಲ ಮೇಲಿಟ್ಟು, ಗೋಡೆಗೆ ಒರಗಿ ಏದುಸಿರು ಬಿಟ್ಟರು. "ನಾಳೆ ಬ್ರಯಾನನನ್ನು ನೀನು ಎತ್ತುವುದಂತೆ. ಸಂತೋಷ ಆಯ್ತು ನನಗೆ."

ಅವರ ಆ ಸಂತೋಷವನ್ನು ಧನಂಜಯನಿಗೆ ತಡೆದುಕೊಳ್ಳಲಾಗಲಿಲ್ಲ.

"ಆಂಟಿ, ಅವತ್ತು ಯಾರೋ ಗುದ್ದಿ ಅವನು ಬಿದ್ದಿದ್ದಲ್ಲ. ನಾನು ಮೊದ್ಲೇ ಕೈ ಬಿಟ್ಟೆ. ಅವನು ತಲೆ ಮೇಲೆ ತಟ್ದ ಅನ್ನಿಸ್ತು, ಬಿಟ್ಬಿಟ್ಟೆ. ಅವನು ತಟ್ಟಿರ್ಲಿಲ್ಲ ಆಂಟಿ. ಚೆಂಡು ಇನ್ನೂ ಬಂದೇ ಇರ್ಲಿಲ್ಲ. ಈಗ್ಲೂ ತಟ್ತಾನೇ ಇದಾನೆ. ದಿನಾ. ನಾಳೆ ಬ್ರಯಾನ್ ಮೇಲಿದ್ದಾಗ ತಟ್ಟಿದ್ರೆ ನಾನೇನ್ ಮಾಡ್ಲಿ?"

ಇಸಾಬೆಲ್ ಬೈಯಲಿಲ್ಲ, ಅಳಲಿಲ್ಲ. ಅವನನ್ನು ದಾಟಿ ನಿಧಾನಕ್ಕೆ ಮೇಲೆ ಹತ್ತಿ ಹೋದರು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಬಸಳೆ ಕಟ್ಟು ಮೆಟ್ಟಿಲಲ್ಲೇ ಉಳಿದಿತ್ತು.

ಮಾರನೆಯ ದಿನ ಮತ್ತೆ ಧೂಳು. ಎಗೈಲಾ ಬಡಾವಣೆಯ ಆಚೆಯ ಕ್ಲಬ್ ಮೈದಾನದಲ್ಲಿ ಹುಲ್ಲಿನ ಹಸಿರೇ ಕಾಣುತ್ತಿರಲಿಲ್ಲ. ಗೆರೆಯ ಪಕ್ಕದಲ್ಲೇ ಮನೆಯವರಿಗೆಂದು ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಇಸಾಬೆಲ್ ಕುಳಿತಿದ್ದರು. ಬರಲಾರರು ಅಂದುಕೊಂಡಿದ್ದ ಧನಂಜಯ ಬಗ್ಗಿ, ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡ. ಬ್ರಯಾನ್ ಮಾತ್ರ ನಗುತ್ತಿದ್ದ. "ನಾನು ತಟ್ಟುವುದೆಲ್ಲ ಇಲ್ಲ ಅಣ್ಣಾ, ಡೌನ್ ಅಂತ ಕೂಗುವುದು. ಓಕೆ?" ಎಂದ.

ಓಕೆ ಎಂದ ಧನಂಜಯನಿಗೆ ತನ್ನ ದನಿಯೇ ಬೇರೆಯವರದೆನಿಸಿತು.

ಆಟ ಮುಗಿಯುವ ಹೊತ್ತಿಗೆ ಇವರ ತಂಡ ಕೂದಲೆಳೆಯಷ್ಟು ಮುಂದಿತ್ತು. ಅಷ್ಟರವರೆಗೆ ಚೆಂಡು ಹೊರಗೆ ಹೋದಾಗಲೆಲ್ಲ ಯಾರನ್ನೂ ಎತ್ತದೆ ಸಾಲಿನ ತುದಿಯವನಿಗೇ ಎಸೆದು ಕಾಲ ತಳ್ಳಿದ್ದರು. ಈ ಸಲ ಇಸಾಬೆಲ್ ಕುಳಿತಿದ್ದ ಕಡೆಯೇ ಚೆಂಡು ಹೊರಗೆ ಹೋಯಿತು. ಬ್ರಯಾನನಿಗೇ ಎಂದು ಸಂಜ್ಞೆ ಬಂತು. ಎಲ್ಲರೂ ಸಾಲಾಗಿ ನಿಂತರು. ಧನಂಜಯ ಬಗ್ಗಿ, ತೊಡೆ ಹಿಡಿದು, ಎತ್ತಿದ.

ಎತ್ತಿದ ಕೂಡಲೇ ಗೊತ್ತಾಯಿತು, ಈ ಭಾರ ಅವನಿಗೆ ಪರಿಚಯದ್ದು. ಕೈಗಳು ಹೈಸ್ಕೂಲಿನಿಂದ ಹೊತ್ತ ಭಾರ.

ಚೆಂಡು ಎಸೆಯುವವನ ಕೈ ಬಿಟ್ಟಿತು. ಧನಂಜಯನ ನೆತ್ತಿಯ ಮೇಲೆ ಮೆತ್ತಗೆ ತಟ್ಟು ಬಿತ್ತು. ಒಂದು. ಎರಡು.

ಅವನು ಕತ್ತೆತ್ತಿ ನೋಡಿದ. ಬ್ರಯಾನನ ಎರಡೂ ಕೈ ಧೂಳಿನೊಳಗೆ ಚೆಂಡಿನ ಕಡೆ ಚಾಚಿದ್ದವು. ಇಲ್ಲ ಕಣೋ, ಈ ಸಲ ಬಿಡೋದಿಲ್ಲ, ಎಂದು ಹಲ್ಲು ಕಚ್ಚಿದ. ಬೆರಳು ಇನ್ನಷ್ಟು ಬಿಗಿದವು. ಚೆಂಡು ಬಂತು, ಬ್ರಯಾನ್ ಹಿಡಿದ, ಕೆಳಗಿನವನಿಗೆ ಎಸೆದ, ಆಟ ಆ ಕಡೆಗೆ ಓಡಿತು.

"ಡೌನ್!" ಎಂದ ಬ್ರಯಾನ್.

ಧನಂಜಯ ಇಳಿಸಲಿಲ್ಲ. ಕೈ ಮಾತು ಕೇಳುತ್ತಿರಲಿಲ್ಲ. ಇವನು ಇಳಿಸದೆ ತಾನೊಬ್ಬನೇ ಬಿಟ್ಟರೆ ಹುಡುಗ ಬೀಳುತ್ತಾನೆಂದು ಮುಂದಿನ ಫಿಜಿಯವನೂ ಹಿಡಿದೇ ನಿಂತು ಬೊಬ್ಬೆ ಹಾಕತೊಡಗಿದ. ಎಲ್ಲರೂ ಚೆಂಡಿನ ಹಿಂದೆ ಹೋಗಿದ್ದರು, ಗೆರೆಯ ಪಕ್ಕದಲ್ಲಿ ಈ ಮೂವರು ಮಾತ್ರ ಉತ್ಸವಮೂರ್ತಿ ಹೊತ್ತವರಂತೆ ನಿಂತಿದ್ದರು. ಯಾರೋ ನಕ್ಕರು. ಆ ಕಡೆ ಎದುರಾಳಿಗಳು ಚೆಂಡು ಕಿತ್ತುಕೊಂಡರು. ತಡೆಯಲು ಮೂರು ಜನ ಕಡಿಮೆ ಇದ್ದಲ್ಲಿ ನುಗ್ಗಿ ಅಂಕ ಹೊಡೆದೇಬಿಟ್ಟರು. ಸೀಸನ್ ಖಲಾಸ್.

"ಅಣ್ಣಾ," ಮೇಲಿನಿಂದ ಹೆದರಿದ ದನಿ ಬಂತು. "ಅಣ್ಣಾ, ಇಳಿಸಿ. ನಾನು ಬ್ರಯಾನ್."

ಆ ಹೆಸರು ಕೇಳಿದ ಮೇಲೆ ತೋಳು ಸ್ವಲ್ಪ ಸ್ವಲ್ಪವಾಗಿ ಬಾಗಿತು. ಬ್ರಯಾನನ ಬೂಟು ಹುಲ್ಲಿಗೆ ತಾಗಿತು. ಅವನು ಹಿಡಿತದಿಂದ ಜಾರಿಕೊಂಡು ಈಚೆ ಬಂದು ತಿರುಗಿ ನೋಡಿದ. ಧನಂಜಯನ ಕೈಗಳು ಮತ್ತೆ ಮೇಲಕ್ಕೆ ಹೋಗಿದ್ದವು. ಬೆರಳುಗಳ ನಡುವೆ ಏನೂ ಇರಲಿಲ್ಲ, ಆದರೂ ತೋಳುಗಳು ಭಾರಕ್ಕೆ ಗಡಗಡ ನಡುಗುತ್ತಿದ್ದವು. ಕಣ್ಣಿನಿಂದ ನೀರು ಧೂಳಿನ ಮುಖದ ಮೇಲೆ ಇಳಿಯುತ್ತಿತ್ತು.

ಕೋಚ್ ಕೂಗಾಡುತ್ತ ಓಡಿ ಬಂದ. ಅವನಿಗಿಂತ ಮೊದಲು ಇಸಾಬೆಲ್ ಗೆರೆ ದಾಟಿ ಬಂದಿದ್ದರು. ಕೋಚನನ್ನು ಕೈಯಡ್ಡ ಹಿಡಿದು ನಿಲ್ಲಿಸಿದರು.

"ಇನ್ನೂ ಹಿಡ್ಕೊಂಡೇ ಇದ್ದೀಯಲ್ಲ ಪುತಾ," ಎಂದರು, ಹೆತ್ತ ಮಗನನ್ನು ಕರೆಯುವ ಕೊಂಕಣಿಯಲ್ಲಿ. "ಅವನನ್ನೂ ಇಳಿಸು."

ಆಮೇಲೆ ತುದಿಗಾಲಲ್ಲಿ ನಿಂತು, ಅವನ ನೆತ್ತಿಯ ಮೇಲೆ ಅಂಗೈಯಿಂದ ಎರಡು ಸಲ ಮೆತ್ತಗೆ ತಟ್ಟಿದರು. ಚಿಕ್ಕ ಮಕ್ಕಳಿಗೆ ಸ್ನಾನ ಮಾಡಿಸಿ ತಲೆ ಒರೆಸಿ, ಆಯ್ತು ಹೋಗು ಎಂದು ತಟ್ಟುತ್ತಾರಲ್ಲ, ಹಾಗೆ. ಅದೇ ಕೈ, ಅದೇ ಬಿಡುವು. ಆಲ್‌ಸ್ಟನ್ನನಿಗೆ ಆ ಸನ್ನೆ ಎಲ್ಲಿಂದ ಬಂದಿತ್ತೆಂದು ಇಷ್ಟು ವರ್ಷದಲ್ಲಿ ಧನಂಜಯ ಒಮ್ಮೆಯೂ ಕೇಳಿರಲಿಲ್ಲ.

ಅವನು ಮೊಣಕಾಲು ಮಡಚಿದ. ತೋಳುಗಳನ್ನು ಒಂದೊಂದೇ ಗೇಣು ಕೆಳಗೆ ತಂದು, ಎರಡೂ ಕೈಗಳನ್ನು ಹುಲ್ಲಿನ ಮೇಲೆ ಜೋಪಾನವಾಗಿ ಇಟ್ಟು, ಬೆರಳು ಬಿಚ್ಚಿದ. ಇಸಾಬೆಲ್ ಪಕ್ಕದಲ್ಲಿ ಕುಳಿತು, ಅವನು ಬೆರಳು ಬಿಚ್ಚಿದ ಆ ಜಾಗದ ಹುಲ್ಲನ್ನು ಸವರಿದರು.