ಎರಡನೆಯವನ ಎಸ್ರು

ಮುನಿಆಂಜಿನಪ್ಪನ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹೆಸರು ಎಂದರೆ ಅನ್ನಕ್ಕಿಡುವ ಎಸರಾಗಿಬಿಡುತ್ತಿತ್ತು. ಶಿವರಾಮನಿಗೆ ನಲವತ್ತು ವರ್ಷದಿಂದ ಅದೇ ತಮಾಷೆ. ಓದುವ ಕಾಲದಲ್ಲಿ ವಿಶ್ವವಿದ್ಯಾಲಯದ ಓಟದಲ್ಲಿ ಪ್ರತಿ ವರ್ಷವೂ ಶಿವರಾಮ ಮೊದಲು, ಮುನಿಆಂಜಿನಪ್ಪ ಎರಡನೆಯವನು.

ಮೈದಾನದಲ್ಲಿ ಗೆದ್ದವರ ಫಲಕ ಬಂದಾಗ ಶಿವರಾಮ ಕ್ರೀಡಾ ನಿರ್ದೇಶಕರ ಮೂಗುದನಿ ಅನುಕರಿಸಿ ಮುನಿಆಂಜಿನಪ್ಪನಿಗೆ ಫೋನ್ ಮಾಡಿದ: "ಎರಡನೇ ಸ್ಥಾನದವರ ಹೆಸರೂ ಹಾಕಿದ್ದೀವಿ ಸರ್. ಭಾನುವಾರ ಬನ್ನಿ."

ಮುನಿಆಂಜಿನಪ್ಪ ತಣಿಸಂದ್ರದಿಂದ ಹಳೆಯ ಬ್ಲೇಜರ್ ತೊಟ್ಟು, ಹೆಂಡತಿ ಮುನಿಯಲ್ಲಮ್ಮನನ್ನೂ ಕರೆತಂದ. ಶಿವರಾಮನೂ ವಿಷಯ ಗೊತ್ತಿದ್ದ ಹಳೆಯ ತಂಡದ ಗೆಳೆಯರೂ ನಗು ಅದುಮಿಕೊಂಡು ನಿಂತಿದ್ದರು. ಅವನು ಫಲಕದ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಓದಿದ, ಮತ್ತೆ ಕೆಳಗಿಂದ ಮೇಲಕ್ಕೆ. ಬೆರಳು ಶಿವರಾಮನ ಹೆಸರಿನ ಕೆಳಗೆ, ಖಾಲಿ ಜಾಗದಲ್ಲಿ ನಿಂತಿತು.

ಫೋಟೋ ತೆಗೆಯಲು ಮೊಬೈಲ್ ಹಿಡಿದಿದ್ದ ಮುನಿಯಲ್ಲಮ್ಮ ಕೇಳಿದಳು: "ಎಲ್ಲೈತೆ ನಿಮ್ದು?"

ಮತ್ತೆ ಮೂಗುದನಿಯಲ್ಲೇ ಮಾತಾಡಬೇಕೆಂದಿದ್ದ ಶಿವರಾಮನಿಗೆ ಸ್ವಂತ ದನಿಯೇ ಬಂತು. "ಫೋನ್ ಮಾಡಿದ್ದು ನಾನು ಕಣೋ, ಆಂಜಿ."

ಗೆಳೆಯರು ನಕ್ಕರು. ಮುನಿಆಂಜಿನಪ್ಪ ಬ್ಲೇಜರಿನ ಗುಂಡಿ ಬಿಚ್ಚಿದ.

"ಒಲೆನೇ ಅಚ್ಚಿಲ್ಲ ಕಣಮ್ಮಿ, ಎಸ್ರು ಎಲ್ಲಿಂದ ಬರ್ತೈತೆ?"

ಹಾಗೆಂದು ಎಲ್ಲರಿಗಿಂತ ಜೋರಾಗಿ ನಕ್ಕ. ಉಳಿದವರ ನಗು ನಿಂತುಹೋಯಿತು. ಅವನು ಕಣ್ಣೊರೆಸಿಕೊಳ್ಳುತ್ತ ನಗುತ್ತಲೇ ಇದ್ದ.