ಉಳಿದವರೆಲ್ಲ ಒಪ್ಪಿದ್ದಾರಂತೆ!

ಜೋರು ಮಳೆ ಬಂತೆಂದರೆ ಇಳಿಜಾರಿನ ಬೀದಿಯವರಿಗೆ ಪೀಕಲಾಟ ಶುರು. ಚರಂಡಿಯ ನೀರು ಹೇಳದೆ ಕೇಳದೆ ಬರುವ ನೆಂಟರ ಹಾಗೆ ಒಳಗೆ ಬಂದು ಕೂತುಬಿಡುತ್ತದೆ, ಹೊರಡುವ ಮಾತೇ ಆಡುವುದಿಲ್ಲ. ಟೈಲರಮ್ಮನ ಮನೆಯಲ್ಲಿ ಹೊಲಿಗೆ ಯಂತ್ರವನ್ನು ಇಟ್ಟಿಗೆಗಳ ಮೇಲೆ ಏರಿಸಿ ವರ್ಷಗಳೇ ಆದವು. ಗಿರಾಕಿಗಳ ಬಟ್ಟೆಯ ಗಂಟುಗಳಿಗೆ ಅಟ್ಟವೇ ಗತಿ. ಬೀದಿಯವರು ಮಳೆಯನ್ನು ಬೈದರು, ಪುರಸಭೆಯನ್ನು ಬೈದರು, ಚರಂಡಿಗೆ ಕಸ ಹಾಕುತ್ತಾರೆಂದು ಒಬ್ಬರನ್ನೊಬ್ಬರು ಬೈದುಕೊಂಡರು. ಇದು ಯಾಕೆ ಹೀಗಾಗುತ್ತದೆ ಎಂದು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಕೊನೆಗೆ ಕೇಳಿದ್ದು ಆ ಬೀದಿಯಿಂದ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ. ಅವಳಿಗೆ ಭೂಗೋಳ ಹೇಳಿಕೊಡುವ ಉಪನ್ಯಾಸಕಿ ಬೇರೆ ಯಾರೂ ಅಲ್ಲ, ಟೈಲರಮ್ಮನ ಸೊಸೆಯೇ.

"ಮೇಡಂ, ನಮ್ಮಜ್ಜಿ ಕಾಲದಲ್ಲಿ ಬರದೇ ಇದ್ದ ನೀರು ಈಗ ಯಾಕೆ ಮನೆಯೊಳಗೆ ಬರುತ್ತೆ?"

ಸೊಸೆ ಊರಿನ ಹಳೆಯ ನಕ್ಷೆಯನ್ನೂ ಹೊಸ ನಕ್ಷೆಯನ್ನೂ ತರಗತಿಯ ಗೋಡೆಗೆ ಅಂಟಿಸಿ ತೋರಿಸಿದಳು. ಮೇಲಿನಿಂದ ಹರಿದು ಬರುತ್ತಿದ್ದ ಹಳ್ಳಕ್ಕೆ ಮಣ್ಣು ಹಾಕಿ ಮುಚ್ಚಿದ್ದಾರೆ. ಅದರ ಮೇಲೆ ದೊಡ್ಡ ಕಟ್ಟಡ ಎದ್ದಿದೆ. ನೀರಿಗೆ ಹೋಗಲು ದಾರಿ ಇಲ್ಲ, ಅದಕ್ಕೇ ಬೀದಿಗೆ ಇಳಿಯುತ್ತದೆ. ಅವಳು ಹೇಳಿದ್ದು ಇಷ್ಟೇ. ಆ ಕಟ್ಟಡ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರದ್ದು ಎಂದು ಅವಳು ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ, ಕಟ್ಟಡದ ನೆತ್ತಿಯ ಮೇಲೆ ಅವರ ಹೆಸರು ಮಾರುದ್ದ ಅಕ್ಷರಗಳಲ್ಲಿ ಹೊಳೆಯುತ್ತಿತ್ತು.

ಮಾತು ಅಧ್ಯಕ್ಷರ ಕಿವಿಗೆ ಬೀಳಲು ಎಷ್ಟು ಹೊತ್ತು? ಶುಕ್ರವಾರ ಪ್ರಿನ್ಸಿಪಾಲರು ಸೊಸೆಯನ್ನು ಕರೆಸಿದರು. "ಸೋಮವಾರ ಕ್ಲಾಸಿನಲ್ಲಿ ನೀವು ಹೇಳಿದ್ದು ತಪ್ಪು ಅಂತ ಹೇಳ್ಬಿಡಿ. ಇಲ್ದಿದ್ರೆ ಮುಂದಿನ ವರ್ಷ ನಿಮ್ಮ ಕೆಲಸ ಮುಂದುವರಿಸೋದು ನನ್ನ ಕೈಲಿಲ್ಲ. ನೋಡಿ, ನಿಮ್ಮ ಜೊತೆಯವರನ್ನೂ ವಿಚಾರಿಸಿದೀನಿ. ಉಳಿದವರೆಲ್ಲ ನಿಮ್ಮದೇ ತಪ್ಪು ಅಂತ ಒಪ್ಪಿದ್ದಾರೆ."

ಸೊಸೆಯದು ವರ್ಷ ವರ್ಷಕ್ಕೂ ಹೊಸದಾಗಿ ಕೊಡುವ ಕೆಲಸ. ಮುಂದಿನ ವರ್ಷ ಉಂಟೋ ಇಲ್ಲವೋ ಎಂಬುದು ಮೇಲಿನವರ ಮರ್ಜಿ. ಮನೆಗೆ ಬಂದವಳು ಚೀಲ ಕೆಳಗಿಟ್ಟು ಗೋಡೆಗೊರಗಿ ಕೂತಳು. ಟೈಲರಮ್ಮ ಎಲ್ಲವನ್ನೂ ಕೇಳಿಸಿಕೊಂಡು ದಾರ ಕಚ್ಚಿ ತುಂಡರಿಸಿದಳು.

"ತಪ್ಪು ಅಂದ್ಬಿಡು, ಮುಗೀತು. ಒಂದು ಮಾತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಅತ್ತೆ, ನೀವು ಸರಿಯಾಗಿ ಹೊಲಿದಿದ್ದನ್ನ ಯಾರಾದ್ರೂ ಬಂದು ತಪ್ಪು, ಬಿಚ್ಚು ಅಂದ್ರೆ ಬಿಚ್ತೀರಾ?"

"ಗಿರಾಕಿ ಹೇಳಿದ್ರೆ ಬಿಚ್ಚೋದೇ!"

"ಇಲ್ಲಿ ಗಿರಾಕಿ ಆ ಹುಡುಗಿ ಅತ್ತೆ. ಅಧ್ಯಕ್ಷರಲ್ಲ."

ಉತ್ತರ ಹೊಳೆಯದಿದ್ದಾಗ ದನಿ ಏರಿಸುವುದು ಟೈಲರಮ್ಮನ ಅಭ್ಯಾಸ. "ಊರ ಉಸಾಬರಿ ನಿನಗ್ಯಾಕೆ?" ಎಂದು ರೇಗಿದಳು. ಸೊಸೆ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಪಕ್ಕದ ಮನೆಯ ಲೈಬ್ರರಿ ಅಕ್ಕ, ಉಪನ್ಯಾಸಕರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಳ್ಳಿ ಎನ್ನುತ್ತಿದ್ದಾರೆ.

ಸಂಘ! ಆ ಪದ ಕಿವಿಗೆ ಬಿದ್ದದ್ದೇ ತಡ, ಟೈಲರಮ್ಮ ಕತ್ತರಿ ಕುಕ್ಕಿ ಎದ್ದಳು. ಅವಳ ಅಣ್ಣ ಬಿಸ್ಕತ್ತು ಕಾರ್ಖಾನೆಯಲ್ಲಿದ್ದಾಗ ಸಂಘ ಸೇರಿದ್ದ. ಮುಖಂಡ ಒಳಗೊಳಗೇ ಮಾಲೀಕರೊಂದಿಗೆ ಮಾತು ಮುಗಿಸಿಕೊಂಡು ಮೇಸ್ತ್ರಿಯಾದ, ಅಣ್ಣ ಗೇಟಿನ ಆಚೆ ನಿಂತ. ಅಣ್ಣ ಆಮೇಲೆ ಯಾರನ್ನೂ ನಂಬಲಿಲ್ಲ. ಆ ಉರಿ ಟೈಲರಮ್ಮನ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ನೇರ ಪಕ್ಕದ ಮನೆಗೆ ನುಗ್ಗಿದಳು. ಲೈಬ್ರರಿ ಅಕ್ಕ ಬೇರೊಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿ ದುಡಿದು ನಿವೃತ್ತರಾದವರು. ಅಲ್ಲಿನ ಅಧ್ಯಾಪಕರ ಸಂಘದಲ್ಲೂ ಓಡಾಡಿದವರು.

"ಅಕ್ಕಾ, ನಮ್ಮ ಹುಡುಗಿ ತಲೆ ಕೆಡಿಸ್ಬೇಡಿ. ಸಂಘ ಅಂದ್ರೆ ಕೂಗಾಟ, ಮುಷ್ಕರ, ಆಮೇಲೆ ಕೆಲಸಕ್ಕೆ ಎಳ್ಳುನೀರು. ನಾನು ಕಣ್ಣಾರೆ ಕಂಡಿದೀನಿ."

"ಕೂತ್ಕೋಮ್ಮ ಮೊದಲು. ನಿನ್ನ ಅಣ್ಣನ ಕಥೆ ನಂಗೂ ಗೊತ್ತು. ಅದು ಸುಳ್ಳು ಅಂತ ನಾನು ಹೇಳಲ್ಲ. ಕೆಟ್ಟ ಸಂಘಗಳೂ ಇವೆ. ಅದಕ್ಕೇ ಸೇರೋಕೆ ಮುಂಚೆ ನೋಡ್ಬೇಕು. ಮುಖಂಡರನ್ನ ಸದಸ್ಯರೇ ಓಟು ಹಾಕಿ ಆರಿಸ್ತಾರಾ? ಮ್ಯಾನೇಜ್‌ಮೆಂಟ್ ಜೊತೆ ಮಾತಾಡೋಕೆ ಒಬ್ಬರೇ ಹೋಗ್ತಾರಾ, ನಾಲ್ಕು ಜನ ಹೋಗ್ತಾರಾ? ಆಡಿದ ಮಾತನ್ನ ಸಭೇಲಿ ಬಂದು ಹೇಳ್ತಾರಾ? ನಿಮ್ಮಣ್ಣನ ಕಾರ್ಖಾನೇಲಿ ಇದ್ಯಾವುದೂ ಇರ್ಲಿಲ್ಲ."

"ಮುಷ್ಕರ ಮಾಡಿದ್ರೆ ಮಕ್ಕಳ ಪಾಠದ ಗತಿ?"

"ಮುಷ್ಕರ ಕಟ್ಟಕಡೇ ದಾರಿ. ಮೊದಲನೇ ದಾರಿ ಎದುರಿಗೆ ಕೂತು ಮಾತಾಡೋದು. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ."

ಟೈಲರಮ್ಮ ಇನ್ನೊಂದು ಬಾಣ ಬಿಟ್ಟಳು. "ಆಯ್ತು. ಪಾಠ ಮಾಡ್ದೆ ಕಾಲ ಕಳೆಯೋ ಮೈಗಳ್ಳರನ್ನೂ ಕಾಪಾಡುತ್ತಾ ನಿಮ್ಮ ಸಂಘ?"

"ಒಳ್ಳೇ ಪ್ರಶ್ನೆ ಕೇಳ್ದೆ. ವಿಚಾರಣೆ ಮೈಗಳ್ಳರಿಗೂ ಆಗ್ಬೇಕು. ತಪ್ಪು ಸಾಬೀತಾದ್ರೆ ಮನೆಗೆ ಹೋಗ್ಲಿ, ಸಂಘ ಅಡ್ಡ ಬರಬಾರದು. ಆದ್ರೆ ವಿಚಾರಣೆನೇ ಇಲ್ದೆ ಯಾರನ್ನ ಬೇಕಾದ್ರೂ ಕಳಿಸಬಹುದು ಅಂದ್ರೆ ಮೊದಲು ಹೋಗೋರು ಮೈಗಳ್ಳರಲ್ಲ. ಅವರು ಯಾರ ಕಣ್ಣಿಗೂ ಚುಚ್ಚಲ್ಲ. ಹೋಗೋರು ನಿನ್ನ ಸೊಸೆ ಥರದೋರೇ."

ಅಲ್ಲಿಯವರೆಗೂ ನಿಂತೇ ಇದ್ದ ಟೈಲರಮ್ಮ ಈಗ ಕೂತಳು.

ಅಕ್ಕ ಮುಂದುವರಿಸಿದರು. "ಶೈಕ್ಷಣಿಕ ಸ್ವಾತಂತ್ರ್ಯ ಅಂತ ದೊಡ್ಡ ಹೆಸರಿದೆ ಇದಕ್ಕೆ. ಹೆಸರು ನೋಡಿ ಹೆದರಬೇಡ. ಮೇಷ್ಟ್ರು ಬಾಯಿಗೆ ಬಂದದ್ದು ಹೇಳ್ಬಹುದು ಅಂತ ಅರ್ಥ ಅಲ್ಲ. ಮಕ್ಕಳ ಮೇಲೆ ತನ್ನ ಅಭಿಪ್ರಾಯ ಹೇರಬಹುದು ಅಂತಾನೂ ಅಲ್ಲ. ಆಧಾರ ಇಟ್ಟು ಹೇಳ್ಬೇಕು. ತಪ್ಪಾಗಿದ್ರೆ ಆ ವಿಷಯ ಬಲ್ಲವರು ತೋರಿಸಿಕೊಡ್ಲಿ, ಒಪ್ಕೋಬೇಕು. ಆದ್ರೆ ಯಾರೋ ದೊಡ್ಡವರಿಗೆ ಇಷ್ಟ ಆಗ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಇರೋದನ್ನ ಇಲ್ಲ ಅನ್ನಿಸಬಾರದು. ನಾಳೆ ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳ್ತಾಳಾ, ಹೇಳು?"

ಟೈಲರಮ್ಮ ಮಾತಿನಲ್ಲಿ ಸೋತಳು, ಮನಸ್ಸಿನಲ್ಲಿ ಸೋಲಲಿಲ್ಲ. ನ್ಯಾಯ ಎಲ್ಲಿದ್ದರೇನು, ಸೊಸೆಯ ಕೆಲಸ ಉಳಿಯಬೇಕು. ಮದುವೆಗೆ ಮುಂಚೆಯೇ "ನಾನು ಪಾಠ ಹೇಳೋದು ಬಿಡಲ್ಲ" ಎಂದಿದ್ದ ಹುಡುಗಿ ಅದು. ಪಾಠವಿಲ್ಲದ ದಿನ ಅವಳ ಮುಖ ನೋಡಲಾಗದು. ಹೇಗಾದರೂ ಮಾಡಿ ಈ ಸಂಘದ ಗಾಳಿಯನ್ನು ಶುರುವಿನಲ್ಲೇ ತಡೆಯಬೇಕು ಎಂದು ಅವಳು ಲೆಕ್ಕ ಹಾಕಿದಳು. ಸಂಘ ಕಟ್ಟುವುದಾದರೆ ಮುಂದೆ ನಿಲ್ಲುವವರು ಕಾಲೇಜಿನ ಲೆಕ್ಕದ ಮೇಷ್ಟ್ರು ಎಂದು ಸೊಸೆಯ ಬಾಯಲ್ಲೇ ಕೇಳಿದ್ದಳು. ಅದೃಷ್ಟಕ್ಕೆ ಅವರ ಮನೆಯ ಕಿಟಕಿಗಳಿಗೆ ಹೊಲಿದ ಪರದೆಗಳು ಸಿದ್ಧವಾಗಿದ್ದವು. ಗಂಟು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟಳು.

ಮೇಷ್ಟ್ರು ಸ್ಟೂಲಿನ ಮೇಲೆ ಹತ್ತಿ ತಾವೇ ಪರದೆ ಸಿಕ್ಕಿಸತೊಡಗಿದರು. ಟೈಲರಮ್ಮ ಕೆಳಗೆ ನಿಂತು ಅಂಚು ನೇರ ಮಾಡುತ್ತ ಪೀಠಿಕೆ ಹಾಕಿದಳು.

"ಮೇಷ್ಟ್ರೇ, ಕೈ ಮುಗಿದು ಕೇಳ್ಕೋತೀನಿ. ನಮ್ಮ ಹುಡುಗೀನ ಸಂಘ ಗಿಂಘ ಅಂತ ಎಳೀಬೇಡಿ."

ಮೇಷ್ಟ್ರು ಮೇಲಿನಿಂದಲೇ ತಿರುಗಿದರು. "ಇನ್ನೆಲ್ಲಿಯ ಸಂಘ ಬಿಡಮ್ಮ. ನಿಮ್ಮ ಸೊಸೆನೇ ತಪ್ಪು ಒಪ್ಕೊಂಡಿದಾರಂತಲ್ಲ. ಪ್ರಿನ್ಸಿಪಾಲರು ನೆನ್ನೆ ಸಂಜೆ ಕರೆದು ಹೇಳಿದ್ರು. ಅವರೇ ಒಪ್ಪಿದ ಮೇಲೆ ನಾವ್ಯಾಕೆ ಮಧ್ಯೆ ಬಾಯಿ ಹಾಕೋದು ಅಂತ ಎಲ್ರೂ ಸುಮ್ಮನಾದ್ವಿ."

ಟೈಲರಮ್ಮನ ಕೈ ಪರದೆಯ ಮೇಲೇ ನಿಂತಿತು.

ಈಗ ನೀವೇ ಯೋಚಿಸಿ. ಅವಳಿಗೆ ಬೇಕಾದದ್ದು ಕೈಗೇ ಬಂದು ಬಿದ್ದಿತ್ತು. "ಹೌದು" ಎಂದು ಒಂದು ಮಾತು ಅಂದರೆ ಸಾಕು, ಸಂಘದ ಸುದ್ದಿ ಅಲ್ಲಿಗೇ ಮುಗಿಯುತ್ತಿತ್ತು. ಒಬ್ಬಂಟಿಯಾದ ಸೊಸೆ ಸೋಮವಾರ ತಲೆ ತಗ್ಗಿಸಿ ತಪ್ಪೆನ್ನುತ್ತಿದ್ದಳು. ಕೆಲಸ ಉಳಿಯುತ್ತಿತ್ತು. ಆ ಮಾತು ಟೈಲರಮ್ಮನ ನಾಲಿಗೆಯ ತುದಿಯವರೆಗೂ ಬಂತು. ಆದರೆ ಬೆಳಿಗ್ಗೆ ತಟ್ಟೆಯ ಮುಂದೆ ಕೂತು ಒಂದು ತುತ್ತೂ ಮುಟ್ಟದೆ ಎದ್ದುಹೋದ ಸೊಸೆಯ ಮುಖ ಕಣ್ಣ ಮುಂದೆ ಬಂತು. ಅವಳು ಇನ್ನೂ ಬಾಯಿ ತೆರೆಯುವ ಮೊದಲೇ ಅವಳ ಬಾಯಲ್ಲಿ ಸುಳ್ಳು ಹಾಕಿಬಿಟ್ಟಿದ್ದಾರಲ್ಲ! ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು, ಅದರ ಹಿಂದೆಯೇ ಅಳುವೂ ಬಂತು.

"ಇಲ್ಲ ಮೇಷ್ಟ್ರೇ. ಅವಳು ಒಪ್ಪಿಲ್ಲ."

"ಏನಂದ್ರಿ?"

"ಒಪ್ಪಿಲ್ಲ ಅಂದೆ. ಪ್ರಿನ್ಸಿಪಾಲರು ಅವಳ ಹತ್ರ ಹೇಳಿದ್ದೇ ಬೇರೆ. ನೀವೆಲ್ಲ ಸೇರಿ ಅವಳದ್ದೇ ತಪ್ಪು ಅಂದ್ರಂತೆ. ನೀವು ಅಂದ್ರಾ?"

"ನಾನಾ? ನನ್ನನ್ನ ಯಾರೂ ಕೇಳೇ ಇಲ್ವಲ್ಲಮ್ಮ!" ಮೇಷ್ಟ್ರು ಸ್ಟೂಲಿನಿಂದ ಇಳಿದರು. ಪರದೆ ಅರ್ಧಕ್ಕೇ ಜೋತುಬಿತ್ತು.

"ಅಲ್ಲಾ ಮೇಷ್ಟ್ರೇ, ಒಂದೇ ಕೋಣೇಲಿ ಎದುರುಬದುರು ಕೂತ್ಕೋತೀರಿ. ಒಂದು ಮಾತು ಕೇಳೋಕೆ ಆಗ್ಲಿಲ್ವಾ ಅವಳನ್ನ?"

ಮೇಷ್ಟ್ರ ಮುಖ ಸಣ್ಣದಾಯಿತು. "ಪಾಪ, ಕಷ್ಟದಲ್ಲಿದಾರೆ, ಕೆದಕಿದ್ರೆ ನೊಂದ್ಕೋತಾರೆ ಅಂತ... ಮರ್ಯಾದೆಗೆ ಸುಮ್ಮನಿದ್ದೆ."

ಓದಿದವರ ಕಷ್ಟವೇ ಇದು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ, ಪಕ್ಕದ ಕುರ್ಚಿಯವರ ಹತ್ತಿರ ಮರ್ಯಾದೆಗೆ ಸುಮ್ಮನಿರುತ್ತಾರೆ. ಆ ಮರ್ಯಾದೆಯ ಸಂದಿಯಲ್ಲೇ ಸುಳ್ಳು ಆರಾಮಾಗಿ ಓಡಾಡಿಕೊಂಡಿತ್ತು.

ಭಾನುವಾರ ಮಧ್ಯಾಹ್ನ ಉಪನ್ಯಾಸಕರೆಲ್ಲ ಟೈಲರಮ್ಮನ ಮನೆಯಲ್ಲೇ ಸೇರಿದರು. ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೆಲವರು, ನೆಲದ ಮೇಲೆ ಕೆಲವರು. ಲೈಬ್ರರಿ ಅಕ್ಕ ಭಾಷಣ ಬಿಗಿಯಲಿಲ್ಲ. "ನಿಮಗೆ ಏನು ಹೇಳಿದ್ರು, ಒಬ್ಬೊಬ್ಬರೇ ಹೇಳಿ" ಎಂದರು. ರಸಾಯನಶಾಸ್ತ್ರದ ಮೇಡಂ ಹೇಳಿದರು, ಚರಿತ್ರೆಯವರು ಹೇಳಿದರು. 'ಅವರೇ ತಪ್ಪು ಒಪ್ಕೊಂಡಿದಾರೆ' ಅಂತ ಎಲ್ಲರಿಗೂ ಅದೇ ಮಾತು. ಮೊದಲು ಸಿಟ್ಟು ಬಂತು, ಆಮೇಲೆ ಯಾರೋ ಕಿಸಕ್ಕೆಂದರು, ಕೊನೆಗೆ ಕೋಣೆಯೆಲ್ಲ ನಗು. ಸೊಸೆ ಮಾತ್ರ ನಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಎರಡು ದಿನದಿಂದ ತಾನೊಬ್ಬಳೇ ಎಂದುಕೊಂಡಿದ್ದಳಲ್ಲ, ಆ ಭಾರ ಇಳಿದ ಅಳು ಅದು. ಟೀ ಹಂಚುತ್ತಿದ್ದ ಟೈಲರಮ್ಮ ಅವಳ ತಲೆ ಸವರಿ, "ಸಂಘಕ್ಕೆ ನಮ್ಮ ಮನೆ ಹುಡುಗಿ ಹೆಸರು ಮೊದಲು ಬರ್ಕೊಳ್ಳಿ ಮೇಷ್ಟ್ರೇ" ಎಂದಳು. ಅವಳ ಮಾತು ಕೇಳಿ ಲೈಬ್ರರಿ ಅಕ್ಕನಿಗೇ ಟೀ ನೆತ್ತಿಗೇರಿತು.

ಸೋಮವಾರ ಎಲ್ಲರೂ ಒಟ್ಟಿಗೆ ಪ್ರಿನ್ಸಿಪಾಲರ ಕೋಣೆಗೆ ಹೋದರು. ಕೂಗಲಿಲ್ಲ, ಮೇಜು ಗುದ್ದಲಿಲ್ಲ. ಎರಡೇ ಮಾತು ಕೇಳಿದರು. ನಕ್ಷೆಯ ಪಾಠ ತಪ್ಪಿದ್ದರೆ ಭೂಗೋಳ ಬಲ್ಲವರಿಂದ ಪರೀಕ್ಷೆ ಮಾಡಿಸಿ. ಯಾರನ್ನೇ ಕೆಲಸದಿಂದ ತೆಗೆಯುವ ಮೊದಲು ಕಾರಣ ಹೇಳಿ, ಅವರ ಮಾತನ್ನೂ ಕೇಳಿ, ಕೇಳುವಾಗ ಸಂಘದ ಒಬ್ಬರು ಜೊತೆಗಿರಲಿ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಕುರ್ಚಿಯೂ ಅಲ್ಲಾಡ್ತಿತ್ತು. ನೀವು ಹೀಗೆ ಬಂದದ್ದು ಒಳ್ಳೇದೇ ಆಯ್ತು. ನಾನು ಅಧ್ಯಕ್ಷರಿಗೆ ಎಲ್ಲರೂ ಒಟ್ಟಾಗಿ ಕೇಳ್ತಿದಾರೆ ಅನ್ನಬಹುದು" ಎಂದರು. ಅಧ್ಯಕ್ಷರು ಗುರ್ರೆಂದರಂತೆ. ಆದರೆ ಒಬ್ಬರನ್ನು ತೆಗೆದ ಹಾಗೆ ಇಡೀ ಕಾಲೇಜನ್ನು ತೆಗೆಯಲು ಆಗುತ್ತದೆಯೇ? ಕೆಲವು ವಾರ ಹಗ್ಗಜಗ್ಗಾಟ ನಡೆದು ಕೊನೆಗೆ ಎರಡಕ್ಕೂ ಒಪ್ಪಿದರು. ಬೇರೆ ಕಾಲೇಜಿನ ಭೂಗೋಳದವರು ಬಂದು ನೋಡಿ ಪಾಠ ಸರಿಯಾಗಿದೆ ಎಂದರು. ಸೊಸೆಯ ಕೆಲಸವೂ ಮುಂದುವರಿಯಿತು.

ಇನ್ನು ಪ್ರಿನ್ಸಿಪಾಲರ ಕೋಣೆಗೆ ಹೋಗಿದ್ದ ಆ ಸೋಮವಾರವೇ ತರಗತಿಯಲ್ಲಿ ಆ ಹುಡುಗಿ ಎದ್ದು ನಿಂತಳು. "ಮೇಡಂ, ನೀವು ಹೇಳಿದ್ದು ತಪ್ಪಂತೆ, ಹೌದಾ?"

"ನಾನು ಹೇಳಿದೆ ಅಂತ ಸರಿ ಅನ್ಬೇಡಿ, ಬೇರೆಯವರು ಹೇಳಿದ್ರು ಅಂತ ತಪ್ಪು ಅನ್ಬೇಡಿ," ಎಂದಳು ಸೊಸೆ. "ಎರಡೂ ನಕ್ಷೆ ತಗೊಳ್ಳಿ. ನಡೀರಿ, ಹೋಗಿ ನೋಡೋಣ."

ಓದುವವರೇ, ಕೇಳುವವರೇ, ನಿಮಗೂ ಒಂದು ಮಾತು. ನೀವು ಕಾಲೇಜಿನಲ್ಲಿ ಪಾಠ ಹೇಳುವವರಾಗಿದ್ದರೆ, ನಾಳೆ ಹೋದ ಕೂಡಲೇ ಪಕ್ಕದ ಕುರ್ಚಿಯವರನ್ನು ಮಾತಾಡಿಸಿ. ನಿಮ್ಮಲ್ಲಿ ಸಂಘ ಇದ್ದರೆ ಸೇರಿ, ಸೇರಿದ ಮೇಲೆ ಅದನ್ನೂ ಪ್ರಶ್ನೆ ಕೇಳುತ್ತಿರಿ. ಇಲ್ಲದಿದ್ದರೆ ನಾಲ್ಕು ಜನ ಕೂತು ಶುರು ಮಾಡಿ. ನೀವು ತಂದೆತಾಯಿಯಾಗಿದ್ದರೆ, ಮೇಷ್ಟ್ರುಗಳು ಒಟ್ಟಾದರು ಎಂದು ಕೇಳಿದಾಗ ಹೆದರಬೇಡಿ, ಯಾಕೆ ಎಂದು ಹೋಗಿ ವಿಚಾರಿಸಿ, ನ್ಯಾಯವಿದ್ದರೆ ಅವರ ಬೆನ್ನಿಗೆ ನಿಲ್ಲಿ. ಪಾಠ ಹೇಳುವವರು ಹೆದರಿಕೊಂಡಿದ್ದರೆ ನಿಮ್ಮ ಮಗಳಿಗೆ ಸಿಗುವುದು ಅರ್ಧ ಪಾಠ. ನೀವು ಅವಳನ್ನು ಕಾಲೇಜಿಗೆ ಕಳಿಸಿದ್ದು ಪೂರ್ತಿ ಪಾಠಕ್ಕೆ.