ಲುಂಬಿನಿಯ ಹೆಸರಿನ ಪುಟ

ಬೀಗತನ ಗಟ್ಟಿಯಾಗಿ ಹನ್ನೊಂದು ದಿನವಾಗಿತ್ತು. ಚಿತ್ತಾಪುರದ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುವ ಶಿವಕಾಂತಮ್ಮ ಭಾನುವಾರ ಬೆಳಿಗ್ಗೆ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದಾಗ ವಾಡಿಯಿಂದ ಫೋನು ಬಂತು. ಮಾತಾಡಿದ್ದು ಗಂಡಿನ ತಂದೆ ನಾಮದೇವ. ಸಿಮೆಂಟು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ, ಎಂದೂ ದನಿ ಏರಿಸದ ಮನುಷ್ಯ.

"ಅಕ್ಕೋರ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಂಟರ್ನೆಟ್ಟಿನ್ಯಾಗ ನಿಮ್ಮ ಮಗಳ ಹೆಸರು ಅದ. ನಿಮಗ ಗೊತ್ತದ ಏನ್ರಿ?"

ಶಿವಕಾಂತಮ್ಮನಿಗೆ ಹೆಮ್ಮೆಯೇ ಆಯಿತು. ಮಗಳು ಲುಂಬಿನಿ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಹಳ್ಳಿ ಮಕ್ಕಳು ಮನೆಯಲ್ಲೇ ಮಾಡಬಹುದಾದ ಸಣ್ಣ ಸಣ್ಣ ಪ್ರಯೋಗಗಳನ್ನು ಕನ್ನಡದಲ್ಲಿ ಬರೆದು, ತನ್ನ ಹೆಸರಿನದೇ ಒಂದು ವೆಬ್‌ಸೈಟ್ ಮಾಡಿದ್ದಳು. ಅದರ ಸುದ್ದಿಯನ್ನು ಬೀಗರಿಗೆ ಹೇಳಿದವಳೇ ತಾನು.

"ಗೊತ್ತದ್ರಿ! ಆಕೀನೇ ಕುಂತು ಮಾಡ್ಯಾಳ. ಎಲ್ಲರೂ ನೋಡ್ಲಿ ಅಂತೇ ಮಾಡ್ಯಾಳ."

ನಾಮದೇವನ ದನಿ ಇನ್ನೂ ತಗ್ಗಿತು.

"ಮನಿ ಮಂದಿ ಎದುರಿಗಿ ನೋಡೂಹಂಗಿಲ್ಲ ಅಕ್ಕೋರ. ಅರೆಬರೆ ಬಟ್ಟಿ ಹೆಣ್ಮಕ್ಕಳ ಫೋಟೋ ಅವ. ಈಕೀಗಿ ಇವತ್ತೇ ಭೇಟಿ ಆಗ್ರಿ ಅಂತ ಬರದಾದ. ನಮ್ಮ ಹುಡುಗನೂ ನೋಡ್ಯಾನ."

ಶಿವಕಾಂತಮ್ಮನ ಕೈಯಲ್ಲಿದ್ದ ಕೆಂಪು ಪೆನ್ನು ಜಾರಿ ಪೇಪರಿನ ಮೇಲೆ ಗೀಟು ಎಳೆಯಿತು. ಏನು ಉತ್ತರ ಕೊಟ್ಟಳೋ, ಫೋನು ಯಾವಾಗ ಇಟ್ಟಳೋ ಅವಳಿಗೇ ಗೊತ್ತಾಗಲಿಲ್ಲ. ಲುಂಬಿನಿ ಹಿತ್ತಲಲ್ಲಿ ತಲೆಗೂದಲು ಒಣಗಿಸಿಕೊಳ್ಳುತ್ತ ನಿಂತಿದ್ದಳು. ತಾಯಿ ನೆಟ್ಟಗೆ ಅಲ್ಲಿಗೇ ಹೋದಳು.

"ಖರೆ ಹೇಳು. ಆ ಇಂಟರ್ನೆಟ್ಟಿನ್ಯಾಗ ಏನು ಹಾಕಿದಿ? ಯಾರಿಗಿ ಫೋಟೋ ಕೊಟ್ಟಿದಿ?"

ವಿಷಯ ಕೇಳಿ ಲುಂಬಿನಿಯ ಮುಖ ಬಿಳಿಚಿತು. ಆದರೆ ಅವಳು ಬೆಚ್ಚಿದ್ದು ವಾಡಿಯ ಮಾತಿಗಲ್ಲ.

"ಅವ್ವಾ, ನೀ ನನಗ ಕೇಳ್ಲಿಕತ್ತಿಯಾ?" ಎಂದಳು. ಅಷ್ಟೇ. ಒದ್ದೆ ಕೂದಲನ್ನು ಹಾಗೇ ಗಂಟು ಕಟ್ಟಿ, ಸೀರೆ ಬದಲಿಸಿ ಹೊರಗೆ ಬಂದಳು. "ನಡಿ, ವಾಡಿಗಿ ಹೋಗಿ ನಮ್ಮ ಕಣ್ಣಿಲೇ ನೋಡಮು."

ರೈಲಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತರೂ ಲುಂಬಿನಿ ದಾರಿಯುದ್ದಕ್ಕೂ ಕಿಟಕಿಯ ಕಡೆಯೇ ಮುಖ ಮಾಡಿದ್ದಳು.

ನಾಮದೇವನ ಕ್ವಾರ್ಟರ್ಸಿನಲ್ಲಿ ಆ ಮನೆಯ ಹೆಂಗಸರೆಲ್ಲ ಅಡುಗೆಮನೆಗೆ ಸರಿದರು. ಲುಂಬಿನಿಯನ್ನು ಮದುವೆಯಾಗಬೇಕಿದ್ದ ಮಗ ಪ್ರಬುದ್ಧ ರೈಲ್ವೆಯಲ್ಲಿ ಕೆಲಸಕ್ಕಿದ್ದ. ಕಂಪ್ಯೂಟರು ಅವನದು, ಇಂಟರ್ನೆಟ್ ಹಾಕಿಸಿ ಎರಡು ತಿಂಗಳಾಗಿತ್ತು. ಅವನು ತಲೆ ಎತ್ತದೆ ಕುರ್ಚಿ ಎಳೆದುಕೊಟ್ಟ.

"ಕುಂದ್ರಿ. ಮುಂಜಾನೆ ವಿಳಾಸ ಹ್ಯಾಂಗ ಒತ್ತಿ ತೆಗೆದಿದ್ನೋ ಹಂಗೇ ತೆಗಿತೀನಿ."

ಅವನು ಒತ್ತಿದ. ಪುಟ ಬಂತು. ಮೇಲ್ಗಡೆ ಇಂಟರ್ನೆಟ್ ಕಂಪನಿಯ ಗುರುತು. ಅದರ ಕೆಳಗೆ ಇಂಗ್ಲಿಷಿನಲ್ಲಿ ದಪ್ಪ ಅಕ್ಷರಗಳ ಸಾಲು. ಲುಂಬಿನಿಯನ್ನು ಇಂದೇ ಭೇಟಿಯಾಗಿ. ಲುಂಬಿನಿಯ ಹೊಸ ಫೋಟೋಗಳು. ನಿಮ್ಮೂರಿನಲ್ಲೇ ಲುಂಬಿನಿ. ಪಕ್ಕದಲ್ಲಿ ಯಾವಳೋ ಒಬ್ಬಳು ಭುಜದ ಮೇಲೆ ಬಟ್ಟೆಯಿಲ್ಲದೆ ನಗುತ್ತಿದ್ದಳು. ಶಿವಕಾಂತಮ್ಮ ಹಡೆದು, ಹೆಸರಿಟ್ಟು, ಕೈಹಿಡಿದು ಅಕ್ಷರ ತಿದ್ದಿಸಿದ ಮಗಳ ಹೆಸರು ಆ ಹೆಂಗಸಿನ ಪಕ್ಕದಲ್ಲಿತ್ತು.

"ಇದು ನಂದಲ್ಲ," ಎಂದಳು ಲುಂಬಿನಿ. "ಇದು ನಾ ಮಾಡಿದ್ದಲ್ಲ."

ಶಿವಕಾಂತಮ್ಮ ಕಣ್ಣೊರೆಸಿಕೊಂಡು ಮತ್ತೆ ಓದಿದಳು. ಇಪ್ಪತ್ತಾರು ವರ್ಷ ಮಕ್ಕಳ ತಪ್ಪು ತಿದ್ದಿದ ಕಣ್ಣು ಒಂದು ಕಡೆ ನಿಂತಿತು.

"ಹೆಸರು ತಪ್ಪದ ನೋಡ್ರಿ. ಬಿ ಆದಮ್ಯಾಲ ಒಂದು ಐ ಇಲ್ಲ. ಎಲ್ಲಾ ಸಾಲಿನ್ಯಾಗೂ ಹಂಗೇ ಅದ. ನೀವು ಮ್ಯಾಲ ಏನು ಒತ್ತೀರಿ?"

ಪ್ರಬುದ್ಧ ಬಗ್ಗಿ ನೋಡಿದ. ಅವನು ಒತ್ತಿದ ವಿಳಾಸದಲ್ಲೂ ಆ ಐ ಇರಲಿಲ್ಲ.

"ಆಕೀ ಹೆಸರಿನ ಜಾಗದಾಗ ನನ್ನ ಹೆಸರು ಒತ್ರಿ," ಎಂದಳು ಶಿವಕಾಂತಮ್ಮ.

"ಅಕ್ಕೋರ..."

"ಒತ್ರೀ ಅಂದೆ."

ಅವನು ಒತ್ತಿದ. ಅದೇ ಪುಟ ಬಂತು, ಅದೇ ಹೆಂಗಸು ನಕ್ಕಳು. ಶಿವಕಾಂತಮ್ಮನನ್ನು ಇಂದೇ ಭೇಟಿಯಾಗಿ. ಶಿವಕಾಂತಮ್ಮನ ಹೊಸ ಫೋಟೋಗಳು. ಐವತ್ತರ ಹತ್ತಿರದ ವಿಧವೆ, ಊರಿನ ಅರ್ಧ ಮಂದಿಗೆ ಓದು ಕಲಿಸಿದವಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹಾಗೇ ನಿಂತುಬಿಟ್ಟಳು.

"ಈಗ ನಂದು ಹಾಕು," ಎಂದ ನಾಮದೇವ ಮಗನಿಗೆ. ಅವನ ಹೆಸರಿಗೂ ಫೋಟೋ ಇದ್ದವು, ಭೇಟಿಯಿತ್ತು.

ಲುಂಬಿನಿ ಮುಂದೆ ಬಂದು, ಬಿಟ್ಟುಹೋದ ಅಕ್ಷರ ಸೇರಿಸಿ ತನ್ನ ವಿಳಾಸ ಒತ್ತಿದಳು. ನಿಂಬೆಹಣ್ಣಿಗೆ ತಂತಿ ಚುಚ್ಚಿ ಕರೆಂಟು ತೆಗೆಯುವ ಪಾಠ ಬಂತು. ಅದರ ಮೇಲೆ ಅವಳ ಪೂರ್ತಿ ಹೆಸರಿತ್ತು.

ಪ್ರಬುದ್ಧ ಅಲ್ಲೇ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದ. ಬಹಳ ಹೊತ್ತು ಹಾಡು ಕೇಳಿಸಿದ ಮೇಲೆ ಒಬ್ಬ ಮಾತಾಡಿದ. ಇಲ್ಲದ ವಿಳಾಸ ಒತ್ತಿದರೆ ಮೊದಲೆಲ್ಲ 'ಸಿಗಲಿಲ್ಲ' ಎಂಬ ಖಾಲಿ ಪುಟ ಬರುತ್ತಿತ್ತಂತೆ; ಈಗ ಕಂಪನಿ ತನ್ನ ಜಾಹೀರಾತಿನ ಪುಟಕ್ಕೆ ಕಳಿಸುತ್ತದಂತೆ; ಒತ್ತಿದ ಹೆಸರನ್ನು ಯಂತ್ರವೇ ಆ ಜಾಹೀರಾತಿಗೆ ಸೇರಿಸುತ್ತದಂತೆ.

"ನಮ್ಮನ್ನ ಕೇಳದೇ ನಮ್ಮ ಹೆಸರು ಹಾಕ್ತೀರೇನ್ರಿ?" ಎಂದು ಪ್ರಬುದ್ಧ ಕೂಗಿದ.

"ಇದು ಗ್ರಾಹಕರ ಅನುಕೂಲಕ್ಕೆ ಸರ್," ಎಂದಿತು ಆ ಕಡೆಯ ದನಿ.

ನಾಮದೇವ ಬಂದು ಕೈ ಮುಗಿದ. "ತಪ್ಪಾಯ್ತು ತಾಯಿ. ಚಾ ಕುಡ್ದು ಹೋಗ್ರಿ."

ಲುಂಬಿನಿ ಪ್ರಬುದ್ಧನ ಕಡೆ ತಿರುಗಿದಳು. "ನೀವು ನಂಬಿದ್ರಿ?"

ಅವನು ಸುಳ್ಳು ಹೇಳಲಿಲ್ಲ. "ನಂಬಿದ್ದೆ."

"ನನಗ ಒಂದು ಫೋನ್ ಮಾಡಬೇಕಿತ್ತು," ಎಂದು ಅವಳು ಚಪ್ಪಲಿ ಮೆಟ್ಟಿದಳು. ಚಹಾ ಅಲ್ಲೇ ಉಳಿಯಿತು.

ವಾಡಿ ಸ್ಟೇಶನ್ನಿನ ಪ್ಲಾಟ್‌ಫಾರಂ ಮೇಲೆ ಗೂಡ್ಸ್ ಗಾಡಿ ಹೋಗಿ ಮುಗಿಯುವವರೆಗೆ ಕಾದು ಶಿವಕಾಂತಮ್ಮ ಹೇಳಿದಳು. "ಮೊದಲು ನಂಬಿದಾಕಿ ನಾನು. ಅವರಿಗಿ ಏನಂತ ಅನ್ಲಿ?"

"ಅವರು ಹೊರಗಿನವರವ್ವಾ," ಎಂದಳು ಲುಂಬಿನಿ. ಬಹಳ ಹೊತ್ತು ಅತ್ತಳು. ತಾಯಿ ಕೈ ಮುಟ್ಟಲು ಹೋದಾಗ ಸರಿಸಲೂ ಇಲ್ಲ, ಹಿಡಿಯಲೂ ಇಲ್ಲ.

ಮದುವೆ ಮುಂದಕ್ಕೆ ಹೋಯಿತು. ಪ್ರಬುದ್ಧ ನಾಲ್ಕು ಭಾನುವಾರ ಚಿತ್ತಾಪುರಕ್ಕೆ ಬಂದ. ಮೂರು ಸಲ ಲುಂಬಿನಿ ಹೊರಗೆ ಬರಲಿಲ್ಲ. ನಾಲ್ಕನೆಯ ಸಲ ಅವನು ಕಂಪನಿಗೆ ಬರೆದ ದೂರಿನ ಪ್ರತಿ ತಂದಿದ್ದ. ಅವಳು ಓದಿ ಎರಡು ಕಡೆ ಇಂಗ್ಲಿಷ್ ತಿದ್ದಿ ವಾಪಸು ಕೊಟ್ಟಳು. ದೂರಿಗೆ ಉತ್ತರ ಬರಲೇ ಇಲ್ಲ. ಆದರೆ ಮರುವರ್ಷ ಬುದ್ಧಪೂರ್ಣಿಮೆ ಕಳೆದ ವಾರದಲ್ಲಿ ಅವರ ಮದುವೆಯಾಯಿತು.

ತಾಯಿ ಮಗಳ ನಡುವಿನ ಮಾತು ಮೊದಲಿನಂತಾಗಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು.